ಇಪ್ಪತ್ತೇಳನೇ ನಂಬರಿನ ಮರ

ಅಧ್ಯಕ್ಷರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರೇ, ಮಗಳೇ, ಉದ್ಯಾನ ಇಲಾಖೆಯ ಹಳಬರೇ, ಹೊಸಬರೇ, ಮತ್ತು — ಬಾಗಿಲ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತಿರುವ ಟೀಚರಮ್ಮನವರೇ — ಎಲ್ಲರಿಗೂ ನಮಸ್ಕಾರ.

ಈ ಮೈಕನ್ನು ಸ್ವಲ್ಪ ಇಳಿಸಪ್ಪಾ. ಇನ್ನೂ ಸ್ವಲ್ಪ. ಅಧ್ಯಕ್ಷರ ಎತ್ತರಕ್ಕೆ ಇಟ್ಟದ್ದು ನನಗೆ ನಿಲುಕುವುದಿಲ್ಲ. ಹಾಂ, ಸಾಕು.

ಮೂವತ್ತೇಳು ವರ್ಷ ಈ ಇಲಾಖೆಯಲ್ಲಿ ನಕ್ಷೆ ಬರೆದವನು ನಾನು. ಗೆರೆ ಎಳೆಯಲು ಬರುತ್ತದೆ, ಭಾಷಣ ಮಾಡಲು ಬರುವುದಿಲ್ಲ. ಅದಕ್ಕೇ ಎರಡು ಪುಟ ಬರೆದುಕೊಂಡು ಬಂದಿದ್ದೆ. ಸರಳ ಜೀವಿ, ಕರ್ತವ್ಯನಿಷ್ಠರು, ಅಜಾತಶತ್ರು — ಯಾರು ತೀರಿಕೊಂಡರೂ ಹೊಂದುವಂಥ ಎರಡು ಪುಟ. ಅದನ್ನು ಓದುವುದಿಲ್ಲ. ಯಾಕೆಂದರೆ ಈಗ ತಾನೇ ಅಧ್ಯಕ್ಷರು ಒಂದು ಮಾತು ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಅಗಲಿದ ಮೇಸ್ತ್ರಿಯವರ ಸೇವೆಯಲ್ಲಿ ಒಂದೇ ಒಂದು ತಪ್ಪು ನಡೆಯಿತು, ತಪ್ಪು ಮಾಡದವರು ಯಾರಿದ್ದಾರೆ, ಇವತ್ತಾದರೂ ಅದನ್ನು ಮರೆತುಬಿಡೋಣ ಎಂದರು. ನೀವೆಲ್ಲ ತಲೆಯಾಡಿಸಿದಿರಿ. ಅತ್ತಿಗೆ ತಲೆ ತಗ್ಗಿಸಿದರು. ನಾನು ಇಲ್ಲಿ ಕುಳಿತು ಅದನ್ನು ನೋಡಿದೆ.

ಮರೆಯುವುದು ಬೇಡ. ಆ ತಪ್ಪು ಅವನದಲ್ಲ. ನನ್ನದು.

ಗುಸುಗುಸು ಬೇಡ, ದಯವಿಟ್ಟು. ಒಂದು ಹತ್ತು ನಿಮಿಷ ಕೊಡಿ. ಮೊದಲಿನಿಂದ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ.

ನಮ್ಮ ಪಾರ್ಕನ್ನು ಈಗಿನವರು ನೋಡಿದ್ದೀರಿ. ಕಬ್ಬಿಣದ ಬೇಲಿ, ಟೈಲ್ಸ್ ಹಾಕಿದ ದಾರಿ, ಕಿವಿಗೆ ವೈರು ಸಿಕ್ಕಿಸಿಕೊಂಡು ಗಾಣದೆತ್ತಿನ ಹಾಗೆ ಸುತ್ತುವ ಜನ. ಐವತ್ತೇಳು ವರ್ಷದ ಹಿಂದೆ ಅದು ನಮ್ಮ ಮನೆಯಂಗಳ. ನಡುವೆ ರೇಡಿಯೋ ಮಂಟಪ. ಸಂಜೆ ಐದೂವರೆಗೆ ಕಾವಲುಗಾರ ಬಂದು ಬೀಗ ತೆಗೆದು ರೇಡಿಯೋ ಹಚ್ಚುತ್ತಿದ್ದ. ವಾರ್ತೆ ಕೇಳಲು ಬರುತ್ತಿದ್ದ ಮುದುಕರು ವಾರ್ತೆ ಮುಗಿಯುವುದರೊಳಗೆ ಜಗಳಕ್ಕೆ ನಿಂತಿರುತ್ತಿದ್ದರು. ಮಂಟಪದ ಹಿಂದೆ ಸಿಮೆಂಟಿನ ಜಾರುಬಂಡೆ. ನಮ್ಮಪ್ಪ ದರ್ಜಿ, ಪಾರ್ಕಿನ ಎದುರಿಗೇ ಅಂಗಡಿ. ನನ್ನ ಚಡ್ಡಿಯ ಹಿಂಭಾಗ ನೋಡಿ, ಆ ದಿನ ಎಷ್ಟು ಸಲ ಜಾರಿದ್ದೇನೆ ಎಂದು ಲೆಕ್ಕ ಹೇಳಿಬಿಡುತ್ತಿದ್ದರು. ತೇಪೆಯ ಮೇಲೆ ತೇಪೆ ಹಾಕಿ ಹಾಕಿ, ಕೊನೆಗೆ ಮೂಲ ಬಟ್ಟೆ ಯಾವುದು ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲ.

ಇವನು — ಈ ಫೋಟೋದಲ್ಲಿರುವವನು — ಮಾಲಿಯ ಮಗ. ಪಂಪ್‌ಹೌಸಿನ ಹಿಂದಿನ ಒಂದು ಕೋಣೆಯ ಮನೆ. ಒಂಬತ್ತನೇ ವಯಸ್ಸಿಗೇ ನಮಗೆಲ್ಲರಿಗಿಂತ ಒಂದು ಗೇಣು ಎತ್ತರ. ನಾವು ಅವನನ್ನು ಏಣಿ ಎಂದು ಕರೆಯುತ್ತಿದ್ದೆವು. ಗಾಳಿಪಟ ಸಿಕ್ಕಿಕೊಂಡರೆ ಏಣಿ, ಚೆಂಡು ಮಂಟಪದ ಮೇಲೆ ಹೋದರೆ ಏಣಿ. ಅವನು ಬಗ್ಗುತ್ತಿದ್ದ, ನಾವು ಹೆಗಲು ಹತ್ತುತ್ತಿದ್ದೆವು. ಒಂದು ಸಲವೂ ನೀನು ಬಗ್ಗು, ನಾನು ಹತ್ತುತ್ತೇನೆ ಎಂದವನಲ್ಲ.

ಆಗ ಪಾರ್ಕಿನ ಪ್ರತಿ ಮರಕ್ಕೂ ಒಂದು ತಗಡಿನ ಬಿಲ್ಲೆ ಹೊಡೆದಿದ್ದರು, ಅದರ ಮೇಲೆ ಒಂದು ನಂಬರು. ನಮಗೆ ಅದೇ ಆಟ. ಮಂಟಪದ ಮೆಟ್ಟಿಲ ಮೇಲೆ ನಿಂತು ಒಬ್ಬ ನಂಬರು ಕೂಗಬೇಕು, ಉಳಿದವರು ಓಡಿ ಆ ಮರ ಮುಟ್ಟಬೇಕು. ಕೊನೆಗೆ ಮುಟ್ಟಿದವನು ಔಟು. ನಾನು ಕುಳ್ಳ, ದಮ್ಮು ಕಡಿಮೆ. ಎಲ್ಲಕ್ಕಿಂತ ದೂರದ ಮರ ಇಪ್ಪತ್ತೇಳು — ಪಂಪ್‌ಹೌಸಿನ ಹತ್ತಿರದ ಮಳೆಮರ. ನನ್ನನ್ನು ಔಟು ಮಾಡಬೇಕು ಅನ್ನಿಸಿದಾಗಲೆಲ್ಲ ಪಡ್ಡೆಗಳು ಇಪ್ಪತ್ತೇಳು ಎಂದೇ ಕೂಗುತ್ತಿದ್ದವು. ಮಂಟಪದ ಪಕ್ಕದಲ್ಲೇ ಇನ್ನೊಂದು ಮಳೆಮರ, ಮೂವತ್ನಾಲ್ಕು. ಒಂದು ಮಧ್ಯಾಹ್ನ ಅಪ್ಪನ ಅಂಗಡಿಯಿಂದ ಕತ್ತರಿ ಕದ್ದು ತಂದೆ. ಏಣಿಯ ಹೆಗಲ ಮೇಲೆ ನಿಂತು ಎರಡೂ ಬಿಲ್ಲೆ ಕಿತ್ತು ಅದಲುಬದಲು ಮಾಡಿದೆ. ಇಪ್ಪತ್ತೇಳು ಮಂಟಪದ ಪಕ್ಕಕ್ಕೆ ಬಂತು! ಮರುದಿನ ಅವರು ಕೂಗಿದರು, ಎಲ್ಲ ಪಂಪ್‌ಹೌಸಿನ ಕಡೆ ಓಡಿದವು, ನಾನು ನಾಲ್ಕು ಹೆಜ್ಜೆ ನಡೆದುಕೊಂಡು ಹೋಗಿ ಮರಕ್ಕೆ ಒರಗಿ ನಿಂತೆ. ಏಣಿ ನಕ್ಕೂ ನಕ್ಕೂ ಹುಲ್ಲಿನ ಮೇಲೆ ಉರುಳಾಡಿದ. ಕತ್ತರಿಯ ಮೊನೆ ಮುರಿದದ್ದಕ್ಕೆ ಅಪ್ಪನಿಂದ ಬಿದ್ದ ಏಟು ಬೇರೆ ಕಥೆ. ಬಿಲ್ಲೆ ಮಾತ್ರ ಹಾಗೇ ಉಳಿಯಿತು.

ಮಕ್ಕಳಾಟ. ಅಷ್ಟೇ ಆಗಿದ್ದರೆ ಇಲ್ಲಿ ನಿಂತು ನಿಮ್ಮನ್ನು ನಗಿಸಿ ಕುಳಿತುಕೊಳ್ಳುತ್ತಿದ್ದೆ.

ಇಪ್ಪತ್ತೊಂದು ವರ್ಷ ಕಳೆಯಿತು. ಅವನು ಅಪ್ಪನ ಹಾದಿಯಲ್ಲೇ ಇಲಾಖೆಗೆ ಸೇರಿ ಮರದ ಮೇಸ್ತ್ರಿಯಾಗಿದ್ದ. ನಾನು ಅದೇ ಇಲಾಖೆಯಲ್ಲಿ ನಕ್ಷೆಗಾರ, ಆದರೆ ತಾತ್ಕಾಲಿಕ. ಅವನ ಕೆಲಸ ನಿಮಗೆ ಗೊತ್ತು. ಕೊಡತಿಯಲ್ಲಿ ಮರದ ಬುಡಕ್ಕೆ ಬಡಿಯುವುದು, ಕಿವಿಯಿಟ್ಟು ಕೇಳುವುದು, ಒಳಗೆ ಟೊಳ್ಳೋ ಗಟ್ಟಿಯೋ ಹೇಳುವುದು. ಹೀಗೆ — ಟಕ್, ಟಕ್ — ಮತ್ತೆ ಕಣ್ಣು ಮುಚ್ಚಿಕೊಂಡು ನಿಲ್ಲುವುದು. ನಮ್ಮ ಇಲಾಖೆಯಲ್ಲಿ ಅಂಥ ಕಿವಿ ಇನ್ನೊಂದಿರಲಿಲ್ಲ. ಆ ವರ್ಷ ಅವನು ಮಂಟಪದ ಪಕ್ಕದ ಮಳೆಮರ ಬಡಿದು ನೋಡಿ, ಒಳಗೆ ಪೂರ್ತಿ ಟೊಳ್ಳಾಗಿದೆ, ತಕ್ಷಣ ಕಡಿಯಬೇಕು ಎಂದು ವರದಿ ಬರೆದ. ಬಿಲ್ಲೆಯ ಮೇಲಿದ್ದ ನಂಬರು ಹಾಕಿದ — ಇಪ್ಪತ್ತೇಳು.

ಆದರೆ ಕಡಿಯುವವರು ಬಿಲ್ಲೆ ನೋಡುವುದಿಲ್ಲ. ಅಷ್ಟು ವರ್ಷಕ್ಕೆ ತೊಗಟೆ ಬೆಳೆದು ಬಿಲ್ಲೆಗಳನ್ನು ಮುಕ್ಕಾಲು ನುಂಗಿಬಿಟ್ಟಿತ್ತು. ಅವರು ನೋಡುವುದು ಕಚೇರಿಯ ನಕ್ಷೆ. ನಾನು ಬರೆದ ನಕ್ಷೆ. ಅದರಲ್ಲಿ ಹಳೆಯ ದಾಖಲೆಯ ಪ್ರಕಾರ ಇಪ್ಪತ್ತೇಳು ಎಂದರೆ ಪಂಪ್‌ಹೌಸಿನ ಮರ. ಗಟ್ಟಿಮುಟ್ಟಾದ ಮರ.

ಅವನಿಗೆ ಇದು ಹೊಳೆಯಲಿಲ್ಲವೇ ಎಂದು ಕೇಳುತ್ತೀರಿ. ಹೊಳೆಯಿತು. ವರದಿ ಕೊಟ್ಟವನು ನೇರ ನನ್ನ ಮೇಜಿಗೆ ಬಂದ. ಕತ್ತರಿ ನೆನಪಿದೆಯಾ ಎಂದು ಕಣ್ಣು ಹೊಡೆದ. ಅವತ್ತು ನಾವು ಮಾಡಿದ ಕಿತಾಪತಿ ನಿನ್ನ ನಕ್ಷೆಗೆ ಗೊತ್ತಿಲ್ಲ, ಎರಡು ನಂಬರನ್ನೂ ಇವತ್ತೇ ಸರಿ ಮಾಡು ಎಂದ. ಹೆಂಡತಿಗೆ ನೋವು ಶುರುವಾಗಿದೆ, ಹೆರಿಗೆ ಆಸ್ಪತ್ರೆಗೆ ಹೋಗಬೇಕು, ಮೂರು ದಿನ ಬರುವುದಿಲ್ಲ ಎಂದ.

ನಾನು ಅಂದೆ, "ಮಾಡ್ತೀನಿ ಬಿಡು."

ಮಾಡಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಆ ನಕ್ಷೆಯ ಶುದ್ಧಪ್ರತಿ ಅವತ್ತಷ್ಟೇ ಮುಗಿದಿತ್ತು. ಎರಡು ತಿಂಗಳ ಕೆಲಸ, ಒಂದು ಕಲೆಯಿಲ್ಲ, ಒಂದು ಗೀಚಿಲ್ಲ. ಮರುದಿನ ದೊಡ್ಡ ಸಾಹೇಬರು ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ನನ್ನ ಕೆಲಸ ಕಾಯಂ ಆಗಬಹುದಿತ್ತು. ಶಾಯಿ ಕೆರೆದು ತಿದ್ದಿದರೆ ಕಾಗದ ಮುರುಟುತ್ತದೆ. ಸಾಹೇಬರು ನೋಡಿ ಹೋಗಲಿ, ಆಮೇಲೆ ತಿದ್ದಿದರಾಯಿತು ಅಂದುಕೊಂಡೆ. ಸಾಹೇಬರು ಬಂದರು, ಹೊಗಳಿದರು. ಅಲ್ಲೇ ನಿಂತು, ಈ ಇಪ್ಪತ್ತೇಳನ್ನು ನಾಳೆಯೇ ಕಡಿಸಿ ಎಂದು ನಕ್ಷೆಯ ಟ್ರೇಸಿಂಗ್ ಪ್ರತಿ ತೆಗೆಸಿ ಕಡಿಯುವವರಿಗೆ ಕಳಿಸಿಯೂ ಬಿಟ್ಟರು. ಹೊಗಳಿಸಿಕೊಂಡ ನಾನು ಬಾಯಿ ತೆರೆಯಲಿಲ್ಲ. ಗಟ್ಟಿ ಮರ ಹೋಯಿತು.

ಮಗಳೇ, ನೀನು ಹುಟ್ಟಿದ ಮೂರನೇ ದಿನ ನಿಮ್ಮಪ್ಪ ಸಿಹಿ ಹಂಚಲು ಕೆಲಸಕ್ಕೆ ಬಂದ. ಪಂಪ್‌ಹೌಸಿನ ಹತ್ತಿರ ಬರೀ ಬೊಡ್ಡೆ. ಒಂದು ತೂತಿಲ್ಲದ ಬೊಡ್ಡೆ. ಅವನು ಬೆಳೆದ ಮನೆಗೆ ನೆರಳು ಕೊಟ್ಟ ಮರ ಅದು. ಸಿಹಿಯ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಅದರ ಮೇಲೆ ಕುಳಿತುಬಿಟ್ಟನಂತೆ. ಆಮೇಲೆ ಕಚೇರಿಗೆ ಓಡಿಬಂದ. ಟೊಳ್ಳು ಮರ ಇನ್ನೂ ನಿಂತಿದೆ, ಅದನ್ನು ಇವತ್ತೇ ಇಳಿಸಿ ಎಂದು ಅಂಗಲಾಚಿದ. ಸಾಹೇಬರಿಗೆ ಉರಿದುಹೋಯಿತು. ಒಂದು ಒಳ್ಳೆಯ ಮರ ಕಡಿಸಿ ನಮ್ಮನ್ನು ಪೇಪರಿನವರ ಬಾಯಿಗೆ ಹಾಕಿದ್ದೀಯ, ನಿನ್ನ ಮಾತು ನಂಬಿ ಇನ್ನೊಂದು ಕಡಿಸಲಾ ಎಂದರು. ಅವನು ನನ್ನ ಕಡೆ ನೋಡಿದ. ನಾನು ಪೆನ್ಸಿಲು ಚೂಪು ಮಾಡುತ್ತಿದ್ದೆ.

ಕೇಳಿಸಿಕೊಳ್ಳಿ, ನನ್ನ ನಿಜವಾದ ತಪ್ಪು ಇಲ್ಲೇ ಇರುವುದು. ನಕ್ಷೆ ತಿದ್ದದೆ ಹೋದದ್ದು ಜಂಬ, ಸಣ್ಣತನ. ಆದರೆ ಆಮೇಲೆ ಐದು ದಿನ ಇತ್ತು. ಐದು ದಿನ! 'ಸಾರ್, ನಕ್ಷೆ ತಪ್ಪು, ಇವನು ಹೇಳುತ್ತಿರುವುದು ಸರಿ' — ಇಷ್ಟೇ ಮಾತು. ಅಷ್ಟು ಹೇಳಿದ್ದರೆ ಮರುದಿನವೇ ಆ ಮರ ಇಳಿಯುತ್ತಿತ್ತು. ನಾನು ಹೇಳಲಿಲ್ಲ. ಅವನು ತಾನೇ ಹೋಗಿ ಮರದ ಸುತ್ತ ಹಗ್ಗ ಕಟ್ಟಿದ, ಅದರ ಕೆಳಗಿದ್ದ ಬೆಂಚಿಗೆ 'ಇಲ್ಲಿ ಕೂರಬೇಡಿ' ಎಂದು ಹಲಗೆ ತೂಗುಹಾಕಿದ. ಐದನೇ ದಿನ ಸಂಜೆ ಗಾಳಿ ಎದ್ದಿತು. ಹಗ್ಗ ಸಡಿಲಿತ್ತು, ಹಲಗೆ ಬೋರಲು ಬಿದ್ದಿತ್ತು. ಆರು ವರ್ಷದಿಂದ ದಿನಾ ಅದೇ ಬೆಂಚಿನ ಮೇಲೆ ಕುಳಿತು ಮಕ್ಕಳ ನೋಟ್‌ಬುಕ್ಕು ತಿದ್ದುತ್ತಿದ್ದ ಟೀಚರಮ್ಮ ಅವತ್ತೂ ಬಂದು ಕುಳಿತರು.

— ಒಂದು ಲೋಟ ನೀರು ಕೊಡಿ.

ಮರ ಬಿದ್ದದ್ದಕ್ಕೆ ವಿಚಾರಣೆ ನಡೆಯಿತು. ಮೂವರು ಅಧಿಕಾರಿಗಳು. ಪಕ್ಕದ ಮೇಜಿನಲ್ಲಿ ನಕ್ಷೆ ಹರಡಿಕೊಂಡು ನಾನು. ನೀನು ಬರೆದದ್ದು ಇಪ್ಪತ್ತೇಳು, ಕಡಿದದ್ದು ಇಪ್ಪತ್ತೇಳು, ಹಾಗಾದರೆ ತಪ್ಪು ಯಾರದು ಎಂದು ಕೇಳಿದರು. ಅವನು ನನ್ನನ್ನು ಒಮ್ಮೆ ನೋಡಿ, ನಾನು ಬಡಿದು ನೋಡಿದ್ದೇ ತಪ್ಪಾಯಿತು ಸಾರ್ ಎಂದ. ಅಂಥ ಕಿವಿಯಿದ್ದವನು! ಹೊರಗೆ ಮೆಟ್ಟಿಲ ಹತ್ತಿರ ಅವನ ತೋಳು ಹಿಡಿದುಕೊಂಡೆ. ಯಾಕೋ ಹಾಗಂದೆ ಎಂದು ಕೇಳಿದೆ. ಅವನ ಮಾತು ನನಗೆ ಅಕ್ಷರಕ್ಕಕ್ಷರ ನೆನಪಿದೆ.

"ನಂದು ಕಾಯಂ ಕೆಲಸ ಕಣೋ, ಬೈತಾರೆ, ಎಲ್ಲಿಗಾದ್ರೂ ಎತ್ತಿಹಾಕ್ತಾರೆ, ಅಷ್ಟೇ. ನಿನ್ನನ್ನ ನಾಳೆನೇ ಮನೆಗೆ ಕಳಿಸ್ತಾರೆ. ಕಾಯಂ ಆದ್ಮೇಲೆ ನೀನೇ ಹೇಳ್ಬಿಡು. ಅಲ್ಲಿವರೆಗೂ ನಾನು ಇಟ್ಕೊಂಡಿರ್ತೀನಿ."

ಹದಿನಾಲ್ಕು ತಿಂಗಳಿಗೆ ನನ್ನ ಕೆಲಸ ಕಾಯಂ ಆಯಿತು. ಹೇಳಲಿಲ್ಲ. ಬಡ್ತಿ ಬರಲಿ ಅಂದುಕೊಂಡೆ, ಬಂತು. ಮಗನ ಮದುವೆಯಾಗಲಿ ಅಂದುಕೊಂಡೆ, ಆಯಿತು. ನಿವೃತ್ತಿಯಾಗಲಿ ಅಂದುಕೊಂಡೆ. ಅದೂ ಆಗಿ ಆರು ವರ್ಷ. ಹತ್ತಿದ ಏಣಿಯನ್ನು ಒದೆಯುವುದು ಅನ್ನುತ್ತಾರಲ್ಲ, ಅದಕ್ಕೆ ಬೇರೆ ಉದಾಹರಣೆ ಹುಡುಕಬೇಡಿ.

ಅವನನ್ನು ಊರಾಚೆಯ ನರ್ಸರಿಗೆ ಹಾಕಿದರು. ಉಳಿದ ಸೇವೆಯಷ್ಟೂ ಚೀಲಕ್ಕೆ ಮಣ್ಣು ತುಂಬಿದ. ಮತ್ತೆ ಕೊಡತಿ ಮುಟ್ಟಲಿಲ್ಲ, ಪಾರ್ಕಿನೊಳಗೆ ಕಾಲಿಡಲಿಲ್ಲ. ಬಸ್ಸು ಆ ಗೇಟಿನ ಮುಂದೆ ಹೋಗುವಾಗ ಆಚೆ ಬದಿಯ ಸೀಟಿನಲ್ಲೇ ಕೂರುತ್ತಿದ್ದ. ನಿಮ್ಮಲ್ಲಿ ಎಷ್ಟು ಜನ ಅವನಿಗೆ ತಪ್ಪುಮರ ಎಂದು ಅಡ್ಡಹೆಸರಿಟ್ಟು ಕರೆದಿದ್ದೀರಿ? ಕೈ ಎತ್ತಬೇಡಿ. ನಾನೂ ಒಮ್ಮೆ ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ಸೇರಿ ನಕ್ಕಿದ್ದೇನೆ. ಮಗಳೇ, ಶಾಲೆಯಲ್ಲಿ ನಿನ್ನನ್ನು ತಪ್ಪುಮರದ ಮಗಳು ಎಂದು ಅಣಕಿಸುತ್ತಿದ್ದರು ಎಂದು ಅತ್ತಿಗೆ ಹೇಳಿ ಅತ್ತಾಗ, ನಿಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ ಕುಳಿತಿದ್ದವನು ನಾನೇ. ಮಕ್ಕಳ ಮಾತು, ಬಿಡಿ ಅತ್ತಿಗೆ ಎಂದೆ. ಹಾಗೆಂದು ಲೋಟ ಕೆಳಗಿಟ್ಟು ಎದ್ದುಬಂದೆ.

ಅವನು ಪ್ರತಿ ಭಾನುವಾರ ಟೀಚರಮ್ಮನ ಮನೆಗೆ ಹೋಗುತ್ತಿದ್ದ. ಹೂಕುಂಡಗಳಿಗೆ ನೀರು, ಕುರ್ಚಿಯ ಗಾಲಿಗೆ ಎಣ್ಣೆ. ಟೀಚರಮ್ಮ ಮೊದಲ ಎರಡು ವರ್ಷ ಅವನೊಡನೆ ಮಾತೇ ಆಡಲಿಲ್ಲವಂತೆ. ಆಮೇಲೆ ತಮಾಷೆ ಮಾಡುತ್ತಿದ್ದರಂತೆ: ಮೇಸ್ತ್ರಿ, ಈ ಗೋಡೆಯಾದರೂ ಗಟ್ಟಿಯಿದೆಯಾ, ಒಮ್ಮೆ ಬಡಿದು ನೋಡಿ ಹೇಳಪ್ಪಾ. ಅವನು ನನಗೆ ಇದನ್ನು ನಗುತ್ತಲೇ ಹೇಳಿದ. ನಾನು ಆ ಭಾನುವಾರ ಊಟ ಮಾಡಲಿಲ್ಲ.

ಮೂರು ವಾರದ ಹಿಂದೆ ಆಸ್ಪತ್ರೆಯಲ್ಲಿ ನೋಡಿದೆ. ಏಣಿ ಹಾಸಿಗೆಯಲ್ಲಿ ಇಷ್ಟೇ ಇಷ್ಟಾಗಿದ್ದ. ಇಷ್ಟು ವರ್ಷದಲ್ಲಿ ಎರಡನೇ ಸಲ ಆ ಮಾತು ತೆಗೆದ.

"ಟೀಚರಮ್ಮಂಗೆ ಹೇಳೋಕಾಗಲ್ಲ ಅಂದ್ರೆ ಬೇಡ. ನನ್ನ ಮಗಳಿಗಾದ್ರೂ ಹೇಳೋ."

ಹೇಳ್ತೀನಿ ಬಿಡು ಎಂದೆ. ಆ 'ಬಿಡು' ಬಾಯಿಂದ ಹೊರಬಿದ್ದ ತಕ್ಷಣ ಇಬ್ಬರಿಗೂ ಆ ಹಳೆಯ ದಿನ ನೆನಪಾಯಿತು. ಅವನು ಗೋಡೆಯ ಕಡೆ ಹೊರಳಿದ. ನಾನು ಹೊರಗೆ ಬಂದೆ. ಮಗಳೇ, ನೀನು ವರಾಂಡದಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದೆ. ಡಾಕ್ಟರು ಏನಂದರು ಎಂದು ನಾನು ಕೇಳಿದೆ, ಊಟ ಮಾಡಮ್ಮ ಎಂದೆ, ಹೊರಟುಹೋದೆ. ನಾಳೆ ಬರುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೆ. ಅವನು ನಾಲ್ಕು ದಿನ ಬದುಕಿದ್ದ. ನಾನು ಹೋಗಲಿಲ್ಲ.

ಈಗ ಹೇಳಿದ್ದೇನೆ. ಅವನು ಇಲ್ಲದಿರುವಾಗ, ನನಗೆ ಕಳೆದುಕೊಳ್ಳಲು ಏನೂ ಉಳಿದಿಲ್ಲದಿರುವಾಗ ಹೇಳಿದ್ದೇನೆ. ಇದನ್ನು ಧೈರ್ಯ ಎಂದು ಯಾರೂ ಹೊಗಳಬೇಡಿ, ನನಗೆ ಕೆಟ್ಟ ಸಿಟ್ಟು ಬರುತ್ತದೆ. ಅಧ್ಯಕ್ಷರೇ, ಅವನ ಸೇವಾ ಪುಸ್ತಕದಲ್ಲಿ ಬರೆದಿರುವ ಆ ಸಾಲನ್ನು ತೆಗೆಸಲು ಎಲ್ಲಿ ಸಹಿ ಹಾಕಬೇಕೋ ತೋರಿಸಿ, ಇವತ್ತೇ ಹಾಕುತ್ತೇನೆ. ಅತ್ತಿಗೆ, ಕ್ಷಮಿಸಿ ಎಂದು ನಾನು ಕೇಳುವುದಿಲ್ಲ. ಕೇಳಿದರೆ ನೀವು ಒಳ್ಳೆಯವರು, ಕ್ಷಮಿಸಿಬಿಡುತ್ತೀರಿ. ಮಗಳೇ, ನಿಮ್ಮಪ್ಪನ ಕಿವಿ ಒಮ್ಮೆಯೂ ತಪ್ಪು ಕೇಳಿಸಿಕೊಂಡಿರಲಿಲ್ಲ. ನಿನ್ನ ಮಕ್ಕಳಿಗೆ ಹಾಗೆಂದೇ ಹೇಳು.

ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಮಾತಿನ ನಂತರ ಒಂದು ನಿಮಿಷದ ಮೌನ ಎಂದಿದೆ. ಈ ವಿಷಯದಲ್ಲಿ ಮೂವತ್ತಾರು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಅದನ್ನು ಹೇಳಬಾರದು. ಆದರೂ ಹೇಳುವ ಸರದಿ ನನ್ನದೇ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮಹಾನುಭಾವರು, ಕರ್ತವ್ಯನಿಷ್ಠರು ಅಂತೆಲ್ಲ ಬೇಡ — ಮರದ ಮೇಸ್ತ್ರಿಗಾಗಿ ನಿಲ್ಲಿ, ಅವನು ಬಡಿದು ಹೇಳಿದ್ದು ಸರಿಯಾಗಿತ್ತು ಎಂದು ನಿಲ್ಲಿ.

ಬೇಡ — ಬೇಡ ಟೀಚರಮ್ಮ, ಕುರ್ಚಿಯ ಕೈ ಹಿಡಿದು ಏಳಲು ನೋಡಬೇಡಿ. ನೀವು ಕುಳಿತೇ ಇರಿ. ನಿಮಗೆ ನಿಲ್ಲಲು ಆಗದಂತೆ ಮಾಡಿದ್ದು ಅವನಲ್ಲ, ನಾನು.