ಕಿತ್ತುಹಾಕಿದ ಮರದ ತುಂಡು

ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದ ದರ್ಜಿಯ ಪಕ್ಕದಲ್ಲೇ ಅಣ್ಣ ತಂಗಿ ಜಗಳಕ್ಕೆ ನಿಂತಿದ್ದರು. ತಂಗಿಯ ಬಲಗಾಲಿನ ಬೂಟಿನ ಅಟ್ಟೆ ಎಡಗಾಲಿನದಕ್ಕಿಂತ ಎರಡು ಬೆರಳು ದಪ್ಪವಿತ್ತು. ಅವಳ ಕೈಲಿದ್ದ ಪೆಟ್ಟಿಗೆಯಲ್ಲಿ, ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಾರಿಸುವ ಹಳೆಯ ಪೆಡಲ್ಲೊಂದು ಥಳಥಳ ಹೊಳೆಯುತ್ತಿತ್ತು.

"ಪಾದ ಇಡೋ ಜಾಗದಲ್ಲಿದ್ದ ಮರದ ತುಂಡು ಎಲ್ಲಣ್ಣ?"

"ರಿಪೇರಿಯವರು ಕಿತ್ತುಹಾಕಿದ್ರು. ಅದು ಕಂಪನೀದಲ್ವಂತೆ. ಅರವತ್ತು ವರ್ಷದ ಪೆಡಲ್ಲು, ಈಗ ಫ್ಯಾಕ್ಟರಿಯಿಂದ ಬಂದ ಹಾಗಿದೆ ನೋಡು."

"ನನ್ನ ಕಾಲು ಫ್ಯಾಕ್ಟರಿಯಿಂದ ಬಂದಿಲ್ವಲ್ಲ!"

"ಕೂಗ್ಬೇಡ ಕಣೇ, ಜನ ನೋಡ್ತಿದಾರೆ."

ದರ್ಜಿ ಮುಖವನ್ನು ಆ ಕಡೆ ತಿರುಗಿಸಿದ. ಕಿವಿ ಮಾತ್ರ ಇತ್ತಲೇ ಇತ್ತು.

"ನೋಡ್ಲಿ. ಆ ತುಂಡಿನ ಅಳತೆ ಸರಿಹೋಗೋ ತನಕ ಬಡಗಿ ಹತ್ರ ಹನ್ನೊಂದು ಸಲ ಅಲೆದಿದೀನಿ. ನಾಳೆ ಸಂಜೆ ಕಾರ್ಯಕ್ರಮ. ಕಾಲು ಎಟುಕದೆ ಹೇಗೆ ಬಾರಿಸ್ಲಿ?"

"ನಿಂಗೆ ಖುಷಿಯಾಗ್ಲಿ ಅಂತ ಹೇಳದೆ ರಿಪೇರಿಗೆ ಕೊಟ್ಟೆ."

"ಒಂದು ಮಾತು ಕೇಳಿದ್ರೆ ನಿನ್ನ ಬಾಯಿ ಸವೀತಿತ್ತಾ?"

"ಅದಲ್ಲ... ಆ ತುಂಡನ್ನ ಕಂಡೋರಿಗೆಲ್ಲ ನಿನ್ನ ಕಾಲಿನ ವಿಷಯ ಗೊತ್ತಾಗುತ್ತಲ್ಲ ಅಂತ..."

ತಂಗಿಯ ದನಿ ಇಳಿಯಿತು.

"ಅಂದ್ರೆ ನಾಚಿಕೆ ನಿಂದು. ನಂದಲ್ಲ."

ಬಸ್ಸು ಬಂದು ನಿಂತಿತು.

"ಹತ್ತು, ಮನೆಗೆ ಹೋಗಿ ಮಾತಾಡೋಣ."

"ನೀನು ಹೋಗು. ನಾನು ಬಡಗಿ ಹತ್ರ ಹೋಗ್ತೀನಿ."

"ಭಾರ ಇದೆ, ಪೆಟ್ಟಿಗೆ ನಾನು ಹಿಡ್ಕೋತೀನಿ ಕೊಡು."

"ಮುಟ್ಟಬೇಡ!"

ಅವಳು ಪೆಟ್ಟಿಗೆಯನ್ನು ಎದೆಗವಚಿಕೊಂಡು ರಸ್ತೆ ದಾಟಿದಳು. ಅಣ್ಣ ಬಸ್ಸು ಬಿಟ್ಟು ಅವಳ ಹಿಂದೆಯೇ ಹೊರಟ. ಹತ್ತು ಹೆಜ್ಜೆಯ ದೂರವಿತ್ತು. ಬಿರುಸಾಗಿ ನಡೆದು ಪಕ್ಕಕ್ಕೆ ಹೋಗಲು ಅವನಿಗೆ ಧೈರ್ಯ ಬರಲಿಲ್ಲ.