ತುಂಬಿದ ತೊಟ್ಟಿಗೆ ಸೊನ್ನೆ ಬರೆದವರು

ಒಂದು ಊರು ಅಂತಿಟ್ಟುಕೊಳ್ಳಿ, ಅಲ್ಲೊಬ್ಬ ಶ್ರೀಮಂತ ಅಂತಿಟ್ಟುಕೊಳ್ಳಿ. ಹೆಸರು ಕೇಳಬೇಡಿ. ಹೆಸರು ಹೇಳಿದರೆ 'ಸದ್ಯ, ನಾನಲ್ಲ' ಎಂದು ಆರಾಮಾಗಿ ಕಂಬಕ್ಕೊರಗಿ ಕೂತುಬಿಡುತ್ತೀರಿ.

ಈ ಶ್ರೀಮಂತ ಊರಿಗೆ ನೀರಿನ ತೊಟ್ಟಿ ಕಟ್ಟಿಸಿದ. ದಾನವೇ, ಇಲ್ಲ ಎನ್ನುವುದಿಲ್ಲ. ತೊಟ್ಟಿಗಿಂತ ಅದರ ಮೇಲೆ ಬರೆಸಿದ ಹೆಸರು ದೊಡ್ಡದಿತ್ತು, ಅಷ್ಟೇ. ತೊಟ್ಟಿಯ ಬುಡದಲ್ಲೇ ಒಬ್ಬ ಕುಂಬಾರಗಿತ್ತಿಯ ಅಂಗಳ. ಕಾರ್ತಿಕಕ್ಕೆಂದು ಮಾಡಿದ ಹಣತೆಗಳನ್ನು ಅಲ್ಲಿ ಒಣಗಲು ಹರವಿದ್ದಳು. ಇನ್ನೂ ಸುಟ್ಟಿರಲಿಲ್ಲ. ಹಸಿ ಹಣತೆಗೆ ನೀರು ಬಿದ್ದರೆ ಅದು ಮತ್ತೆ ಮಣ್ಣೇ. ಅವಳ ವರ್ಷದ ಅನ್ನ ಆ ಅಂಗಳದಲ್ಲಿತ್ತು.

ಮೋಟಾರು ಹಾಕಿ ನಿಲ್ಲಿಸುವುದಕ್ಕೆ ಆಳು ಯಾಕೆ, ಕಂಪ್ಯೂಟರ್ ಇರಲಿ ಎಂದ ನಮ್ಮ ಶ್ರೀಮಂತ. ಅಳಿಯ ಅದನ್ನೇ ಓದಿದವನು. ಪ್ರೋಗ್ರಾಂ ಬರೆದ. ತೊಟ್ಟಿಯಲ್ಲಿ ಮೊದಲೇ ಇರುವ ನೀರಿಗೆ ಮೋಟಾರು ಎತ್ತಿದ ನೀರನ್ನು ಕೂಡಿಸುತ್ತಾ ಹೋಗಬೇಕು, ತುಂಬಿದ ಲೆಕ್ಕ ಬಂದಾಗ ಮೋಟಾರು ನಿಲ್ಲಿಸಬೇಕು. ಯಂತ್ರ ಅದನ್ನು ಓದಿ ನೋಡಿ ಕೆಂಪಕ್ಷರದಲ್ಲಿ ಹೇಳಿತು: "'ಮೊದಲಿನ ನೀರು' ಎಂಬುದರಲ್ಲಿ ಏನನ್ನೂ ಇಟ್ಟಿಲ್ಲ. ಇಡದೆಯೇ ಬಳಸಿದ್ದೀರಿ."

ತಾಯಂದಿರೇ, ನಿಮ್ಮ ಅಡುಗೆಮನೆಯನ್ನೇ ನೋಡಿ. ಡಬ್ಬಿಗೆ 'ಸಕ್ಕರೆ' ಎಂದು ಚೀಟಿ ಅಂಟಿಸಿದ್ದೀರಿ, ಸಕ್ಕರೆ ಹಾಕಿಲ್ಲ. ಮುಚ್ಚಳ ತೆಗೆದು ನೋಡದೆ ಪಾಯಸಕ್ಕೆ ಸುರಿದರೆ ಏನು ಬೀಳುತ್ತದೆ? ಏನೂ ಬೀಳದಿರಬಹುದು. ಹಿಂದೆಂದೋ ಉಳಿದ ಉಪ್ಪು ಬೀಳಬಹುದು. ಯಂತ್ರ ಕೇಳಿದ್ದು ಇಷ್ಟೇ: ಡಬ್ಬಿಗೆ ಹೆಸರಿಟ್ಟಿರಿ ಸರಿ, ಒಳಗೇನು ಹಾಕಿದಿರಿ? ಇದು ಬೈಗುಳವೇ? ಉಪಕಾರವಲ್ಲವೇ?

ಶ್ರೀಮಂತನಿಗೆ ಅದು ಅವಮಾನ!

"ಏನಂತೆ ಅಳಿಯಂದಿರೇ ಅದರ ಗೋಳು?"

"ತೊಟ್ಟೀಲಿ ಮೊದ್ಲೇ ಎಷ್ಟು ನೀರಿದೆ ಅಂತ ಗೊತ್ತಾಗ್ಬೇಕಂತೆ ಮಾವ. ಮೇಲೆ ಹತ್ತಿ, ನೀರು ಅಳೆಯೋದೊಂದು ಕೂರಿಸ್ಬೇಕು."

"ನಾಳೆ ಉದ್ಘಾಟನೆಗೆ ದೊಡ್ಡೋರೆಲ್ಲ ಬರ್ತಾರೆ. ಹತ್ತೋದು ಇಳಿಯೋದು ಆಮೇಲಾಯ್ತು. ಮೊದ್ಲು ಅದ್ರ ಬಾಯಿ ಮುಚ್ಚಿಸಿ."

ಅಳಿಯ ಬಾಯಿ ಮುಚ್ಚಿಸಿದ. ಹೇಗೆ? 'ಮೊದಲಿನ ನೀರು' ಅಂದರೆ ಸೊನ್ನೆ ಎಂದು ಬರೆದುಬಿಟ್ಟ. ಕೆಂಪಕ್ಷರ ಮಾಯ. ಯಂತ್ರಕ್ಕೇನು, ಏನೋ ಒಂದು ಹಾಕಿದರೆ ಸಾಕು, ಅದು ನಿಜವೋ ಸುಳ್ಳೋ ಅದಕ್ಕೆ ತಿಳಿಯದು. ನಿಮಗೆ ತಿಳಿಯಬೇಕು! ಉದ್ಘಾಟನೆಯ ದಿನ ತೊಟ್ಟಿ ನಿಜವಾಗಿಯೂ ಖಾಲಿ ಇತ್ತು, ಲೆಕ್ಕ ಸರಿಹೋಯಿತು. ಶಾಲು, ಹಾರ, ಫೋಟೋ. ಓದಿದ ಅಳಿಯ, ಉಳ್ಳ ಮಾವ, ಇಬ್ಬರ ತಲೆಯೂ ಸೇರಿ ಒಂದು ಸೊನ್ನೆ. ಎಂಥಾ ಜಾಣತನ, ನೋಡಿ!

ನಮ್ಮ ಊರುಗಳಲ್ಲಿ ಕರೆಂಟು ಹೇಗೆ ಹೋಗಿ ಬರುತ್ತದೆಂದು ನಾನು ಹೇಳಬೇಕೆ? ಒಂದು ದಿನ ಹೋಯಿತು, ಬಂತು. ಯಂತ್ರ ಮೊದಲಿನಿಂದ ಶುರುಮಾಡಿತು. ಮೊದಲಿನ ನೀರು? ಸೊನ್ನೆ. ತೊಟ್ಟಿ ಮುಕ್ಕಾಲು ತುಂಬಿದೆ, ಯಂತ್ರದ ಲೆಕ್ಕದಲ್ಲಿ ಖಾಲಿ. ಮೋಟಾರು ಎತ್ತಿತು, ಎತ್ತಿತು, ಎತ್ತುತ್ತಲೇ ಇತ್ತು.

ಕುಂಬಾರಗಿತ್ತಿ ಓಡಿ ಬಂದಳು. "ಯಜಮಾನ್ರೇ, ತೊಟ್ಟಿ ತುಂಬಿ ಸುರೀತೈತೆ! ಹಣತೆ ಇನ್ನೂ ಹಸಿ ಐತೆ, ಮೋಟ್ರು ನಿಲ್ಸಿ!"

ಅವನು ಎದ್ದು ನೋಡಿದನೇ? ಇಲ್ಲ. ಕೂತಲ್ಲಿಂದಲೇ ಕಂಪ್ಯೂಟರಿನ ಪರದೆ ನೋಡಿದ. "ಸುಮ್ನಿರಮ್ಮ, ತೊಟ್ಟಿ ಇನ್ನೂ ಅರ್ಧನೂ ತುಂಬಿಲ್ಲ. ಇಲ್ಲೇ ತೋರಿಸ್ತಿದೆ."

ಅವಳ ಸೆರಗಿನ ನೀರು ಅವನ ಜಗಲಿಯ ಮೇಲೆ ಸುರಿಯುತ್ತಿತ್ತು. ಎದುರಿಗೆ ನೆನೆದು ನಿಂತ ಹೆಂಗಸು ಕಾಣಲಿಲ್ಲ, ತಾನೇ ಬರೆಸಿದ ಸುಳ್ಳು ಕಂಡಿತು. ಇವನಿಗೆ ಏನೆನ್ನಬೇಕು ಹೇಳಿ?

ಅವಳು ವಾಪಸು ಹೋಗುವ ಹೊತ್ತಿಗೆ ಅಂಗಳದಲ್ಲಿ ಹಣತೆ ಇರಲಿಲ್ಲ, ಕೆಸರಿತ್ತು. ಎರಡು ಕೈಯಲ್ಲಿ ಬಾಚಿ ತಂದು ಅವನ ಪರದೆಯ ಮುಂದೆ ಇಟ್ಟಳು. "ಇದ್ನೂ ಖಾಲಿ ಅಂತದಾ ನಿಮ್ಮ ಕಂಪ್ಯೂಟ್ರು?"

ಆ ಕಾರ್ತಿಕದಲ್ಲಿ ಶ್ರೀಮಂತ ದೀಪ ಹಚ್ಚಲಿಲ್ಲವೇ? ಹಚ್ಚಿದ. ಪೇಟೆಯಿಂದ ಪ್ಲಾಸ್ಟಿಕ್ ದೀಪ ತರಿಸಿ ಗುಂಡಿ ಒತ್ತಿದ. ಅವಳ ಒಲೆ ಹತ್ತಿತೋ ಇಲ್ಲವೋ, ಅದನ್ನೂ ನೋಡಲಿಲ್ಲ.

ನಗುತ್ತಿದ್ದೀರಾ? ನಗಿ. ಸೊಸೆ ಹೊಸಿಲು ದಾಟಿದ ದಿನವೇ 'ಇವಳಿಗೇನು ಬರುತ್ತೆ' ಎಂದು ಸೊನ್ನೆ ಬರೆದಿರಲ್ಲ, ಅವಳನ್ನು ಒಂದು ಮಾತು ಕೇಳಿದ್ದಿರಾ? ಪಕ್ಕದ ಮನೆಯವನ ಕಷ್ಟಕ್ಕೆ 'ಎಲ್ಲಾ ನಾಟಕ' ಎಂದಿರಲ್ಲ, ಬಾಗಿಲು ದಾಟಿ ನೋಡಿದ್ದಿರಾ? 'ನೋಡಿದ್ರಾ? ಕೇಳಿದ್ರಾ?' ಎಂದವರಿಗೆಲ್ಲ 'ಬಾಯಿ ಮುಚ್ಚು' ಎನ್ನುತ್ತೀರಿ. ನಿಮ್ಮ ಮನೆಯ ಕೆಂಪಕ್ಷರ ಅವರೇ ಕಣ್ರೀ! ತಪ್ಪು ತೋರಿಸಿದವರ ಬಾಯಿಗೆ ಸೊನ್ನೆ ತುರುಕುವುದನ್ನು ಇವತ್ತಿಗೇ ಬಿಡಿ.

ಎದ್ದು ಮನೆಗೆ ಹೋಗುತ್ತೀರಿ, ಎಲೆ ಮುಂದೆ ಕೂರುತ್ತೀರಿ, ಇನ್ನೊಂದು ಸೌಟು ಹಾಕು ಎನ್ನುತ್ತೀರಿ. ಬಡಿಸುವವಳ ಊಟ ಆಗಿರುತ್ತೆ ಎಂದು ನಿಮ್ಮ ಲೆಕ್ಕ. ಇವತ್ತು ಹಾಗೆನ್ನುವ ಮೊದಲು ಎದ್ದು ಹೋಗಿ, ಪಾತ್ರೆಯ ಮುಚ್ಚಳ ತೆಗೆದು ಅವಳಿಗೆ ಎಷ್ಟು ಉಳಿದಿದೆ ನೋಡಿ. ನೋಡಿದ ಮೇಲೆ ಇನ್ನೊಂದು ಸೌಟು ಕೇಳಿ, ಕೇಳುವ ಧೈರ್ಯವಿದ್ದರೆ.