ವೇದಿಕೆ ಏರಿದ ಹರಿಗೋಲು

ಆ ಬೆಳಿಗ್ಗೆ ಆಕಾಶದಲ್ಲಿ ಹುಡುಕಿದರೂ ಮೋಡವಿಲ್ಲ. ಮಳೆಯೆಲ್ಲ ಮೇಲಿನ ರಾಜ್ಯದ ಗುಡ್ಡಗಳಲ್ಲಿ ಸುರಿದು ಮುಗಿದಿತ್ತು. ಹೊಳೆದಂಡೆಯ ಒಂದೂರಲ್ಲಿ ಒಬ್ಬ ಶ್ರೀಮಂತ. ಅವನಿಗೆ ಅಂದು ಉಸಿರಾಡಲೂ ಬಿಡುವಿಲ್ಲ. ಯಾಕೆ ಅಂತೀರಿ? ನೆರೆ ಬಂದರೆ ಏನು ಮಾಡಬೇಕೆಂದು ತೋರಿಸುವ ಅಣಕು ಪ್ರದರ್ಶನ. ದಿಲ್ಲಿಯ ಸಾಹೇಬರು, ಜಿಲ್ಲೆಯ ಸಾಹೇಬರು, ಇಬ್ಬರೂ ಅವನ ಅತಿಥಿಗಳು.

ದಿಲ್ಲಿಯವರು ಮೋಟಾರು ದೋಣಿ ತಂದಿದ್ದರು. ಅದಕ್ಕೆ ಎಣ್ಣೆ ಜಿಲ್ಲೆಯವರು ತರಬೇಕಿತ್ತು, ತಂದಿರಲಿಲ್ಲ. ವೇದಿಕೆಗೆ ಶೋಭೆಯಾದರೂ ಬೇಕಲ್ಲ? ಶ್ರೀಮಂತ, ಊರವರನ್ನು ಹೊಳೆ ದಾಟಿಸುವ ಅಂಬಿಗಿತ್ತಿಯ ಹರಿಗೋಲನ್ನು ಗಳಿಗೆಯ ಮಟ್ಟಿಗೆಂದು ಕೇಳಿ ತಂದು, ಚೆಂಡುಹೂವಿನ ಹಾರ ಹಾಕಿ ಮೇಲೆ ನಿಲ್ಲಿಸಿದ. ಆಕೆ ನೀರು ಮೀಟುವ ಹುಟ್ಟನ್ನು ಸ್ವಾಗತ ಕಮಾನಿನ ತುದಿಗೆ ಕಟ್ಟಿಸಿದ.

ಮೇಲಿನ ರಾಜ್ಯದ ಅಣೆಕಟ್ಟಿನ ಬಾಗಿಲು ತೆರೆದ ಸುದ್ದಿ ದಿಲ್ಲಿಗೆ ಗೊತ್ತಿತ್ತು, ಜಿಲ್ಲೆಗೂ ಬಂದಿತ್ತು. ಎಲ್ಲಿಗೆ ಬಂದಿತ್ತು? ಸಾಹೇಬರ ಜೇಬಿಗೆ. ಕಾರ್ಯಕ್ರಮದ ಶಿಸ್ತಿಗಾಗಿ ಜೇಬಿನ ಮೊಬೈಲು ಬಾಯಿ ಮುಚ್ಚಿಕೊಂಡಿತ್ತು. ಸ್ವಾಗತ ಭಾಷಣದ ನಡುವೆ ಹೊಳೆ ಕೆಂಪಾಗಿ ಏರತೊಡಗಿತು.

ಅಂಬಿಗಿತ್ತಿ ಓಡಿ ಬಂದಳು. "ಧಣ್ಯಾರ, ನನ್ನ ಹರಗೋಲ ಕೊಟ್ಟಬಿಡ್ರಿ. ಕಸ ತೆಗಿಯೋ ಹೆಣ್ಮಕ್ಳು ನಡುಗಡ್ಡಿ ಹೊಲದಾಗ ಸಿಕ್ಕೊಂಡಾರ."

ಹೊಲ ಶ್ರೀಮಂತನದೇ, ಕಳೆ ಕೀಳಲು ಹೋದ ಕೂಲಿಯವರೂ ಅವನವರೇ. ಅವನು ದಿಲ್ಲಿಯವರ ಮುಖ ನೋಡಿದ. ಜಿಲ್ಲೆಯವರು ಹೇಳಿದರೆ ತಮ್ಮ ಅಡ್ಡಿಯಿಲ್ಲ ಎಂದರು ಅವರು. ದಿಲ್ಲಿಯವರು ಕೂತಿರುವಾಗ ತಾವು ಹೇಳುವುದು ಮರ್ಯಾದೆಯಲ್ಲ ಎಂದರು ಇವರು. ಶ್ರೀಮಂತ ಮೆಲ್ಲಗೆ ಹೇಳಿದ: "ಸ್ವಲ್ಪ ತಡ್ಕೊ ಬೇ. ಸಾಹೇಬ್ರ ಮಾತು ಮುಗೀಲಿ."

"ನಾ ತಡ್ಕೋತೀನ್ರಿ," ಅಂದಳು ಆಕೆ. "ಬುತ್ತಿ ಒಯ್ದ ನಿಮ್ಮ ಮಗಳೂ ಅಲ್ಲೇ ಅದಾಳ. ಹೊಳಿಗೂ ತಡ್ಕೋ ಅಂತ ನೀವಽ ಹೇಳ್ರಿ."

ಆಮೇಲೆ ನೋಡಿ, ಯಾವ ದಿಲ್ಲಿ, ಯಾವ ಜಿಲ್ಲೆ! ಶ್ರೀಮಂತ ಹಾರ ಕಿತ್ತೆಸೆದು ಹರಿಗೋಲಿಗೆ ಹೆಗಲು ಕೊಟ್ಟ. ಸಾಹೇಬರಿಬ್ಬರೂ ಕೈ ಹಚ್ಚಿದರು. ಅವರು ಕೂಡಿ ಮಾಡಿದ ಮೊದಲ ಕೆಲಸ ಅದು. ಹುಟ್ಟು ಬಿಚ್ಚಲು ಕಮಾನಿಗೆ ಏಣಿ ತರುವಷ್ಟು ಹೊತ್ತಿರಲಿಲ್ಲ. ಅಂಬಿಗಿತ್ತಿ ಬಿದಿರಿನ ಗಳ ಹಿಡಿದೇ ಹೋಗಿ ಬಂದು, ಹೋಗಿ ಬಂದು, ಎಲ್ಲರನ್ನೂ ದಾಟಿಸಿದಳು. ಧಣಿಯ ಮಗಳು ಕೊನೆಯ ಸರದಿಗೆ ಬಂದಳು. ಕೂಲಿಯವರು ಮೊದಲು ಹೋಗಲೆಂದು ತಾನೇ ಹಟ ಹಿಡಿದಿದ್ದಳು.

ನಗುತ್ತಿದ್ದೀರಿ. ನಗಿ, ಆದರೆ ಸುದ್ದಿ ನುಂಗಿದ ಆ ಜೇಬು ನಿಮ್ಮ ಅಂಗಿಯಲ್ಲೂ ಇದೆ. ನೀರು ಏರಿದ್ದು ಕಂಡ ದಿನ ಕೆಳದಂಡೆಯ ಊರಿಗೆ ಮೊದಲು ನೀವೇ ಹೇಳಿ. ಹಾಗೆ ಹೇಳಲು ಅಲ್ಲಿ ಒಬ್ಬರ ಪರಿಚಯವನ್ನಾದರೂ ಈಗಲೇ ಇಟ್ಟುಕೊಳ್ಳಿ. ಗ್ರಾಮಸಭೆಯಲ್ಲಿ ಎದ್ದು ಕೇಳಿ: ದೋಣಿ ಯಾರದು, ಎಣ್ಣೆ ಯಾರದು, ಅಪ್ಪಣೆ ಯಾರದು? ಬಿಸಿಲಿರುವಾಗಲೇ ಕೇಳಿ. ನಿಮ್ಮ ಮಗಳ ಹೆಸರು ಕಿವಿಗೆ ಬೀಳುವ ತನಕ ಕೂತಿರಬೇಡಿ. ಹೊಲದ ಕಸ ತೆಗೆಯುವವರು ಯಾರ ಮಕ್ಕಳೂ ಅಲ್ಲವೇ?

ಆ ಶ್ರೀಮಂತ ಏನು ಮಾಡಿದ ಗೊತ್ತೇ? ಸಂಜೆ ಏಣಿ ಹತ್ತಿ ಹುಟ್ಟನ್ನು ಬಿಚ್ಚಿದ. ತಾನೇ ಹೆಗಲ ಮೇಲೆ ಹೊತ್ತು ಅಂಬಿಗಿತ್ತಿಯ ಬಾಗಿಲಿಗೆ ಹೋದ. ಎರಡೂ ಕೈಯಲ್ಲಿ ಹಿಡಿದು ಆಕೆಗೆ ಕೊಟ್ಟ.